ಡೈ ಬಿಡುವ ಮುನ್ನ ಸ್ಟೆಂಟನ್ನು ನೋಡುವುದು

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಬಲ ಪರಿಧಮನಿಗೆ (ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ) ಶಿವಮೊಗ್ಗದಲ್ಲಿ ನಾನೇ ಎರಡು ಸ್ಟೆಂಟ್, ಎಂದರೆ ನಾಳವನ್ನು ತೆರೆದಿಡುವ ಲೋಹದ ಜಾಲರಿ ಕೊಳವೆ, ಹಾಕಿದ್ದೆ. 38 ಮಿ.ಮೀ. ಉದ್ದದ ಒಂದು, ಅದರ ತುದಿಯ ಮೇಲೆ ತುಸು ಏರಿ ಕೂತ ಇನ್ನೊಂದು. ಎರಡೂ ಸೇರಿ ರಕ್ತನಾಳದ ತಿರುವನ್ನು ದಾಟಿದ್ದವು. ಹನ್ನೊಂದು ತಿಂಗಳ ನಂತರ ಕೊನೆಕೊಯ್ಲಿನ ಹೊತ್ತಿಗೆ ಅವರು ಮರಳಿ ಬಂದು, "ಸಮತಟ್ಟಿನಲ್ಲಿ ಏನೂ ಇಲ್ಲ ಡಾಕ್ಟ್ರೇ, ತೋಟದಿಂದ ಮನೆಗೆ ಏರು ಹತ್ತುವಾಗ ಎದೆ ಹಿಡಿದ ಹಾಗಾಗ್ತದೆ" ಎಂದರು. ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ನಾಳಕ್ಕೆ ಡೈ (ಎಕ್ಸ್-ರೇಯಲ್ಲಿ ಎದ್ದು ಕಾಣುವ ದ್ರವ) ಬಿಟ್ಟು ತೆಗೆಯುವ ಆಂಜಿಯೋಗ್ರಾಂನಲ್ಲಿ ಸ್ಟೆಂಟಿನೊಳಗೆ ಒಂದೇ ಒಂದು ಕಡೆ, ದಾರ ಬಿಗಿದಂತೆ, ನಾಳ ಕಿರಿದಾಗಿತ್ತು. ಮಾಮೂಲಿ ಮರುಸಂಕೋಚನವೆಂದುಕೊಂಡು ಔಷಧಲೇಪಿತ ಬಲೂನಿನಿಂದ ಹಿಗ್ಗಿಸಿ ಕಳುಹಿಸಿದೆ.

ನಾಲ್ಕು ತಿಂಗಳಲ್ಲಿ ಅದೇ ಜಾಗ ಮತ್ತೆ ಮುಚ್ಚಿತು. ಬರಿ ಲೋಹದ ಸ್ಟೆಂಟುಗಳ ಕಾಲದಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತು ಜನರಲ್ಲಿ ನಾಳ ಮತ್ತೆ ಕಿರಿದಾಗುತ್ತಿತ್ತು. ಔಷಧ ಸವರಿದ ಸ್ಟೆಂಟುಗಳು ಬಂದ ಮೇಲೆ ಅದು ಬಹಳ ಇಳಿದಿದೆ. ಆದ್ದರಿಂದ ಇಂಥ ಸ್ಟೆಂಟ್ ಒಂದೇ ಬಿಂದುವಿನಲ್ಲಿ ಮುಚ್ಚಿಕೊಂಡಾಗ ಅಲ್ಲಿ ಸ್ಟೆಂಟ್ ಪೂರ್ತಿ ಅರಳಿದೆಯೇ, ಮುರಿದಿದೆಯೇ ಎಂದು ನಾನು ಮೊದಲ ಸಲವೇ ಕೇಳಿಕೊಳ್ಳಬೇಕಿತ್ತು.

ಹಳೆಯ ಚಿತ್ರಣವನ್ನು ತೆಗೆದು, ಡೈ ಇನ್ನೂ ತಲುಪಿರದ ಮೊದಲ ಕೆಲವು ಫ್ರೇಮುಗಳನ್ನು ಒಂದೊಂದಾಗಿ ಸರಿಸಿದೆ. ಲೋಹದ ಜಾಲರಿ ತೆಳ್ಳಗೆ ಕಾಣುತ್ತಿತ್ತು. ತಿರುವಿನಲ್ಲಿ, ಎರಡು ಸ್ಟೆಂಟ್ ಕೂಡುವ ಜಾಗದ ತುಸು ಕೆಳಗೆ, ಜಾಲರಿ ಕಡಿದು ಬೆಳಕಿನ ಸಣ್ಣ ಸಂದು ಬಿಟ್ಟಿತ್ತು. ಡೈ ಬಂದ ಕೂಡಲೇ ಅದು ಮುಚ್ಚಿಹೋಗುತ್ತಿತ್ತು. ನಾಳದ ಒಳಗಿನಿಂದಲೇ ಬೆಳಕಿನ ನೆರವಿನಲ್ಲಿ ತೆಗೆಯುವ ಓಸಿಟಿ ಚಿತ್ರಣದಲ್ಲಿಯೂ ಆ ಜಾಗದಲ್ಲಿ ಲೋಹದ ಕಡ್ಡಿಗಳಿರಲಿಲ್ಲ, ಬೆಳೆದ ಅಂಗಾಂಶ ಮಾತ್ರ ಇತ್ತು.

ಬಲ ಪರಿಧಮನಿ ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವಿನ ತೋಡಿನಲ್ಲಿ ಮಲಗಿರುವುದರಿಂದ ಪ್ರತಿ ಬಡಿತಕ್ಕೂ ಬಾಗುತ್ತದೆ, ಎಂದರೆ ದಿನಕ್ಕೆ ಸುಮಾರು ಒಂದು ಲಕ್ಷ ಸಲ, ವರ್ಷಕ್ಕೆ ಮೂರೂವರೆ ಕೋಟಿಗೂ ಮಿಕ್ಕಿ. ಸ್ಟೆಂಟಿನ ಮೇಲೆ ಸ್ಟೆಂಟ್ ಕೂತಲ್ಲಿ ನಾಳ ಗಡುಸಾಗಿ, ಬಾಗುವ ಭಾರವೆಲ್ಲ ಅದರ ಪಕ್ಕದ ಒಂದೇ ಗೆರೆಯ ಮೇಲೆ ಬೀಳುತ್ತದೆ. ಬೇಲಿ ತಂತಿಯನ್ನು ಅತ್ತಿತ್ತ ಬಗ್ಗಿಸಿ ತುಂಡು ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮುರಿದಲ್ಲಿ ನಾಳಕ್ಕೆ ಆಸರೆ ತಪ್ಪುತ್ತದೆ, ಔಷಧವೂ ಸರಿಯಾಗಿ ತಲುಪುವುದಿಲ್ಲ.

ಆಸರೆಯೇ ಇಲ್ಲದ ಜಾಗದಲ್ಲಿ ಮತ್ತೆ ಬಲೂನ್ ಊದುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ತೆಳು ಕಡ್ಡಿಗಳ, ಬಾಗುವ ಗುಣದ ಗಿಡ್ಡ ಸ್ಟೆಂಟೊಂದನ್ನು ಸಂದಿಗೆ ಸೇತುವೆಯಂತೆ ಕೂರಿಸಿದೆ. ಅದೇ ತಿರುವಿಗೆ ಇನ್ನಷ್ಟು ಲೋಹ ಸೇರಿತೆಂಬ ಅಳುಕು ಇದ್ದೇ ಇದೆ. ಈಗ ಸ್ಟೆಂಟ್ ಇರುವ ಪ್ರತಿಯೊಬ್ಬರಿಗೂ ಡೈ ಬಿಡುವ ಮುನ್ನ ಎರಡು ಕೋನಗಳಿಂದ ಬರಿ ಸ್ಟೆಂಟನ್ನು ಚಿತ್ರೀಕರಿಸುತ್ತೇನೆ. ಅದಕ್ಕೆ ಹಿಡಿಯುವುದು ಕೆಲವೇ ಸೆಕೆಂಡು.

ಬಿಡುಗಡೆಯ ದಿನ ಅವರಿಗೂ ಮಗನಿಗೂ ಆ ಫ್ರೇಮನ್ನು ತೋರಿಸಿದೆ. "ಹಾಗಾದ್ರೆ ಹೋದ ಸಲವೇ ಕಾಣ್ತಿತ್ತಾ?" ಎಂದು ಮಗ ಕೇಳಿದ. ಕಾಣುತ್ತಿತ್ತು, ನಾನು ನೋಡಿರಲಿಲ್ಲ ಎಂದೆ.