ಕೈಗಾಡಿಯ ಮೇಲೊಂದು ಡೀಸೆಲ್ ಶೋಧಕ

ಬೇಸಿಗೆಯಲ್ಲಿ ಅಡಿಕೆ ತೋಟದ ಪಂಪಿಗೆ, ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದಾಗ ಜನರೇಟರಿಗೆ ಎಂದು 200 ಲೀಟರಿನ ಬ್ಯಾರಲಿನಲ್ಲಿ ಡೀಸೆಲ್ ಇಟ್ಟುಕೊಳ್ಳುವವರು ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಹಲವರಿದ್ದಾರೆ. ನಾನೂ ಇಡುತ್ತೇನೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಕಳೆಯುವ ಹೊತ್ತಿಗೆ ಅದರ ತಳದಿಂದ ಒಂದಿಷ್ಟು ಗಾಜಿನ ಬಾಟಲಿಗೆ ಹಿಡಿದು ನೋಡಿ: ಅಡಿಯಲ್ಲಿ ನೀರು, ಮೇಲೆ ಮಬ್ಬಾದ ಡೀಸೆಲ್, ನಡುವೆ ಕಂದು ಲೋಳೆ. ನೀರಿನಲ್ಲಿ ನೆಲೆಸಿ ಡೀಸೆಲನ್ನೇ ಉಂಡು ಬೆಳೆಯುವ ಶಿಲೀಂಧ್ರ, ಬ್ಯಾಕ್ಟೀರಿಯಾಗಳದು ಆ ಲೋಳೆ.

ನೀರು ಎಲ್ಲಿಂದ ಬರುತ್ತದೆ? ಹಗಲಿನ ಬಿಸಿಗೆ ಬ್ಯಾರಲಿನೊಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ರಾತ್ರಿ ತಣಿದಾಗ ತೇವದ ಗಾಳಿ ಒಳನುಗ್ಗುತ್ತದೆ, ಆ ತೇವ ಹನಿಗಟ್ಟಿ ತಳ ಸೇರುತ್ತದೆ. ನೆಟ್ಟಗೆ ನಿಲ್ಲಿಸಿದ ಬ್ಯಾರಲಿನ ತಲೆಯ ಮೇಲೆ ಮಳೆನೀರು ನಿಂತಿದ್ದರೆ ಬಿರಡೆಯ ಸಂದಿನಿಂದ ಆ ನೀರೇ ಇಳಿಯುತ್ತದೆ. ಎಂಜಿನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನೊಳಗಿನ ಭಾಗಗಳ ನಡುವಿನ ಅಂತರ ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅಲ್ಲಿಗೆ ಇಂಥ ಡೀಸೆಲ್ ಹೋದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಬ್ಯಾರಲಿನ ಬಳಿಗೇ ತಳ್ಳಿಕೊಂಡು ಹೋಗುವಂತೆ ನಾನು ಡೀಸೆಲ್ ಶೋಧಿಸುವ ಪಂಪು, ಫಿಲ್ಟರ್ ಎಲ್ಲವನ್ನೂ ಒಂದು ಕೈಗಾಡಿಗೆ ಕೂರಿಸಿದೆ. ಹಲ್ಲುಚಕ್ರಗಳಿಂದ ಡೀಸೆಲ್ ಎಳೆಯುವ 12 ವೋಲ್ಟಿನ ಗೇರ್ ಪಂಪು ಜೀಪಿನ ಬ್ಯಾಟರಿಯಿಂದ ಓಡುತ್ತದೆ. ಇದರಲ್ಲಿ ಬಿಡಿಭಾಗಗಳಿಗಿಂತ ಮುಖ್ಯವಾದದ್ದು ಅವುಗಳ ಅನುಕ್ರಮ. ನೀರು ಬೇರ್ಪಡಿಸುವ 30 ಮೈಕ್ರಾನಿನ ಸೆಪರೇಟರ್ ಪಂಪಿಗಿಂತ ಮೊದಲು, ಎಳೆಯುವ ಕಡೆಗೇ ಇರಬೇಕು. ಪಂಪಿನ ಹಲ್ಲುಗಳ ನಡುವೆ ಹಾದ ನೀರು ಮಜ್ಜಿಗೆ ಕಡೆದಂತೆ ಸಣ್ಣ ಹನಿಗಳಾಗಿ ಡೀಸೆಲಿನಲ್ಲಿ ಬೆರೆತುಬಿಡುತ್ತದೆ. ಆಮೇಲೆ ಅದನ್ನು ಹಿಡಿಯುವುದು ಬಹಳ ಕಷ್ಟ. ಪಂಪಿನ ನಂತರ 10 ಮೈಕ್ರಾನ್, ಕೊನೆಗೆ 2 ಮೈಕ್ರಾನಿನ ಫಿಲ್ಟರ್. ಸೆಪರೇಟರಿಗೂ ಪಂಪಿಗೂ ನಡುವೆ ಎಳೆತ ತೋರಿಸುವ ವ್ಯಾಕ್ಯೂಮ್ ಗೇಜ್, ಪಂಪಿನ ಆಚೆ ಒತ್ತಡ ತೋರಿಸುವ ಪ್ರೆಶರ್ ಗೇಜ್. ಯಾವ ಮುಳ್ಳು ಏರಿತೋ ಆ ಕಡೆಯ ಫಿಲ್ಟರ್ ಕಟ್ಟಿಕೊಂಡಿದೆ ಎಂದು ತಿಳಿಯುತ್ತದೆ. ಈ ಎರಡು ಗೇಜುಗಳಿಗೆ ಹಣ ಹಾಕಲು ಹಿಂಜರಿಯಬೇಡಿ.

ನಿಮಿಷಕ್ಕೆ 40 ಲೀಟರ್ ಎತ್ತುವ ಪಂಪು ಸುಲಭವಾಗಿ ಸಿಗುತ್ತದೆ. ನಾನು 10 ಲೀಟರಿನ ಸಣ್ಣದನ್ನೇ ಆರಿಸಿದೆ. ಹರಿವು ನಿಧಾನವಾದಷ್ಟೂ ಸೆಪರೇಟರಿನ ಪಾರದರ್ಶಕ ಬಟ್ಟಲಿನಲ್ಲಿ ನೀರು ಚೆನ್ನಾಗಿ ಇಳಿದು ಕೂರುತ್ತದೆ. ಹನಿಗಳು ಒಂದೊಂದಾಗಿ ಬಟ್ಟಲಿನ ಗೋಡೆಯ ಮೇಲೆ ಜಾರಿ ತಳದಲ್ಲಿ ಒಂದಾಗುವುದು ಕಣ್ಣಿಗೇ ಕಾಣುತ್ತದೆ. ಕೊಳವೆಗೆ ಎಣ್ಣೆಗೆ ಕೆಡದ ನೈಟ್ರೈಲ್ ರಬ್ಬರ್ ಒಳ್ಳೆಯದು. ಗ್ಯಾಲ್ವನೈಸ್ಡ್ ಪೈಪು ಬೇಡ, ಅದರ ಸತು ಹಳೆಯ ಡೀಸೆಲಿನ ಆಮ್ಲದೊಡನೆ ಸೇರಿ ಸಾಬೂನಿನಂಥ ಜಿಡ್ಡಾಗುತ್ತದೆ. ತಾಮ್ರವೂ ಬೇಡ, ಡೀಸೆಲ್ ಬೇಗ ಹಳಸುತ್ತದೆ.

ಕೆಲಸ ಶುರುವಾಗುವುದು ಕೈಪಂಪಿನಿಂದ. ಬ್ಯಾರಲನ್ನು ಅಲುಗಿಸದೆ ತಳದ ನೀರು, ಲೋಳೆಯನ್ನು ಮೊದಲೇ ಎಳೆದು ಕ್ಯಾನಿಗೆ ತೆಗೆಯುತ್ತೇನೆ. ಅಷ್ಟರಿಂದಲೇ ಫಿಲ್ಟರಿನ ಆಯುಷ್ಯ ಎಷ್ಟೋ ಹೆಚ್ಚುತ್ತದೆ. ಆಮೇಲೆ ಶೋಧಿಸಿದ್ದನ್ನು ತೊಳೆದು ಒಣಗಿಸಿದ ಇನ್ನೊಂದು ಬ್ಯಾರಲಿಗೆ ತುಂಬುತ್ತೇನೆ. ಅದೇ ಬ್ಯಾರಲಿಗೆ ಮರಳಿ ಬಿಟ್ಟರೆ ಶುದ್ಧವಾದದ್ದು ಕೊಳೆಯೊಡನೆ ಬೆರೆಯುತ್ತಲೇ ಇರುತ್ತದೆ: 200 ಲೀಟರ್ ಹರಿಸಿದರೂ ಸುಮಾರು 63 ಶೇಕಡಾ ಡೀಸೆಲ್ ಮಾತ್ರ ಫಿಲ್ಟರ್ ಕಂಡಿರುತ್ತದೆ, 95 ಶೇಕಡಾ ಮುಟ್ಟಲು 600 ಲೀಟರ್ ಹರಿಸಬೇಕು. ಎರಡನೇ ಬ್ಯಾರಲ್ ಇಲ್ಲದವರು ಅಷ್ಟು ಹೊತ್ತು ಓಡಿಸಲೇಬೇಕು.

ನಮ್ಮ ದೇಶದ ಡೀಸೆಲಿಗೆ ನಿಗದಿಯಾದ ಕನಿಷ್ಠ ಜ್ವಲನಾಂಕ, ಅಂದರೆ ಅದರ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟಾಗುವ ಉಷ್ಣತೆ, 35 ಡಿಗ್ರಿ ಸೆಲ್ಸಿಯಸ್. ಏಪ್ರಿಲಿನ ಮಧ್ಯಾಹ್ನ ಅಂಗಳವೂ ಅಷ್ಟೇ ಕಾಯುತ್ತದೆ. ಹಾಗಾಗಿ ಬೆಳಗ್ಗೆಯೇ, ಬಯಲಿನಲ್ಲಿ, ಎರಡೂ ಬ್ಯಾರಲುಗಳನ್ನು ಗಾಡಿಗೂ ನೆಲಕ್ಕೂ ವಿದ್ಯುತ್ ಹರಿದುಹೋಗುವಂತೆ ತಂತಿಯಿಂದ ಜೋಡಿಸಿ ಕೆಲಸ ಮಾಡಬೇಕು. ಹರಿಯುವ ಡೀಸೆಲ್ ಕಿಡಿ ಹಾರಿಸಬಲ್ಲ ಸ್ಥಿರವಿದ್ಯುತ್ತನ್ನು ಕೂಡಿಸುತ್ತದೆ. ಬ್ಯಾಟರಿಯ ಕ್ಲಿಪ್ಪನ್ನು ಬ್ಯಾರಲಿನ ಬಾಯಿಯಿಂದ ದೂರದಲ್ಲೇ ಜೋಡಿಸಿ.

ಫಿಲ್ಟರಿನಿಂದ ಆಗದ್ದೂ ಇದೆ. ಡೀಸೆಲಿನಲ್ಲಿ ಕರಗಿದ ನೀರನ್ನು ಅದು ತೆಗೆಯದು. ಹಳಸಿ ಕಪ್ಪಾಗಿ ಹುಳಿ ವಾಸನೆ ಹೊಡೆಯುವ ಡೀಸೆಲನ್ನು ಎಷ್ಟು ಶೋಧಿಸಿದರೂ ಹೊಸದಾಗದು. ಅಂಥದ್ದನ್ನು ನಾನು ಎಂಜಿನಿಗೆ ಹಾಕುವುದೇ ಇಲ್ಲ.

ಕ್ಯಾನಿಗೆ ತೆಗೆದ ಆ ನೀರನ್ನು ಮಾತ್ರ ದಯವಿಟ್ಟು ತೋಟದ ಮೂಲೆಗೆ ಚೆಲ್ಲಬೇಡಿ. ನಮ್ಮ ಮುರಕಲ್ಲಿನ ನೆಲ ಬೇಗ ಇಂಗಿಸಿಕೊಳ್ಳುತ್ತದೆ, ಗುಡ್ಡದ ಕೆಳಗೆ, ನೀರಿಗಾಗಿ ಅಡ್ಡವಾಗಿ ಕೊರೆದ ಸುರಂಗದ ನೀರನ್ನೇ ಕುಡಿಯುವ ಮನೆಗಳಿವೆ. ಮುಚ್ಚಳ ಬಿಗಿದಿಟ್ಟು, ಹಳೆಯ ಆಯಿಲ್ ಕೊಳ್ಳುವವರು ಬಂದಾಗ ಫಿಲ್ಟರಿನ ಕೊಳೆಯ ಜೊತೆಗೆ ಕೊಟ್ಟುಬಿಡುತ್ತೇನೆ.