ಲ್ಯಾಬ್ ಬಿಟ್ಟು ಯುಎಸ್‌ಎಐಡಿಗೆ ಹೋದೆ: ನನ್ನ ಅನುಭವ

ನೀರಿನಿಂದ ಆರ್ಸೆನಿಕ್ ಎಂಬ ವಿಷ ತೆಗೆಯುವ ಪುಡಿಗಳ ಮೇಲೆ ಪಿಎಚ್‌ಡಿ ಮಾಡಿದವಳು ನಾನು. ವಿಜ್ಞಾನಿಗಳನ್ನು ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡಲು ಕಳಿಸುವ ಒಂದು ಫೆಲೋಶಿಪ್ ಅನ್ನು ಅಮೆರಿಕದ ವಿಜ್ಞಾನ ಸಂಘಟನೆ ಎಎಎಎಸ್ 1973ರಿಂದ ನಡೆಸುತ್ತಿದೆ. ಅದರ ಮೂಲಕ, ಬೇರೆ ದೇಶಗಳಿಗೆ ನೆರವು ಕೊಡುತ್ತಿದ್ದ ಅಮೆರಿಕ ಸರ್ಕಾರದ ಸಂಸ್ಥೆ ಯುಎಸ್‌ಎಐಡಿಗೆ ಸೇರಿದೆ. ಈ ಫೆಲೋಶಿಪ್‌ಗೆ ಅಮೆರಿಕದ ಪೌರತ್ವ ಬೇಕೇ ಬೇಕು. ಪಿಎಚ್‌ಡಿಯೂ ಬೇಕು. ಎಂಜಿನಿಯರ್‌ಗಳಿಗೆ ಮಾತ್ರ ಮಾಸ್ಟರ್ಸ್ ಪದವಿ, ಜೊತೆಗೆ ಮೂರು ವರ್ಷದ ಕೆಲಸದ ಅನುಭವ ಇದ್ದರೆ ಸಾಕು.

ಆಯ್ಕೆಯ ಕೊನೆ ಹಂತದಲ್ಲಿ ಬೇರೆ ಬೇರೆ ಕಚೇರಿಗಳವರು ಸಂದರ್ಶನ ಮಾಡುತ್ತಾರೆ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ: ನಾನು ಬರೆದಿದ್ದನ್ನು ಯಾರು ಓದ್ತಾರೆ? ದುಡ್ಡು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವವರೇ ಓದ್ತಾರೆ ಎಂದ ಕಚೇರಿಯನ್ನು ಆರಿಸಿಕೊಂಡೆ. ಕಚೇರಿಯ ಹೆಸರಿಗಿಂತ ಇದು ಮುಖ್ಯ.

ಅಲ್ಲಿ ಪ್ರಯೋಗ ಮಾಡುವುದು ಏನೂ ಇಲ್ಲ. ಬೇರೆಯವರ ಯೋಜನೆ ಓದಿ, ಒಂದೇ ಪುಟದಲ್ಲಿ ಅಭಿಪ್ರಾಯ ಬರೆದುಕೊಡಬೇಕು. ಒಮ್ಮೆ ಬಾಂಗ್ಲಾದೇಶದ ಮನೆಗಳಿಗೆ ಫಿಲ್ಟರ್ ಕೊಡುವ ಯೋಜನೆ ಬಂತು. ಲ್ಯಾಬ್ ಅಂಕಿಗಳು ತುಂಬಾ ಚೆನ್ನಾಗಿದ್ದವು. ಆದರೆ ಪರೀಕ್ಷೆ ಮಾಡಿದ್ದು ಶುದ್ಧ ನೀರಿಗೆ ಆರ್ಸೆನಿಕ್ ಬೆರೆಸಿ. ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಫಾಸ್ಫೇಟ್ ಇರುತ್ತದೆ. ಪುಡಿಯ ಮೇಲೆ ಆರ್ಸೆನಿಕ್ ಕೂರಬೇಕಾದ ಜಾಗದಲ್ಲಿ ಅದೂ ಹೋಗಿ ಕೂರುತ್ತದೆ. ಹಾಗಾಗಿ ಫಿಲ್ಟರ್ ಲೆಕ್ಕಕ್ಕಿಂತ ಬೇಗ ಮುಗಿಯುತ್ತದೆ. ಮುಗಿದಿದ್ದು ಮನೆಯವರಿಗೆ ಗೊತ್ತಾಗುವುದಾದರೂ ಹೇಗೆ? ಆರ್ಸೆನಿಕ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ. ಫಿಲ್ಟರ್ ಇದೆಯಲ್ಲ ಅನ್ನೋ ಧೈರ್ಯದಲ್ಲಿ ಕುಡಿಯುತ್ತಾ ಇರುತ್ತಾರೆ.

ನನ್ನ ಪುಟದಲ್ಲಿ ಎರಡೇ ಮಾತು ಬರೆದೆ. ಅಲ್ಲಿನ ನೀರಿನಲ್ಲೇ ಪರೀಕ್ಷೆ ಮಾಡಿ. ಅದಕ್ಕೂ ಮೊದಲು ಬಾವಿಗಳ ತಪಾಸಣೆಗೆ ಹಣ ಇಡಿ. ಅಲ್ಲಿ ಒಂದು ಬಾವಿ ಕೆಟ್ಟಿದ್ದರೆ ಪಕ್ಕದ ಬಾವಿ ಚೆನ್ನಾಗಿರುವುದುಂಟು. ಹಿಂದೆ ತಪಾಸಣೆ ಮಾಡಿದಾಗ ಕೆಟ್ಟ ಬಾವಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದಿದ್ದರು. ಅದನ್ನು ನೋಡಿ ಎಷ್ಟೋ ಜನ ಬಾವಿ ಬದಲಿಸಿದರು. ಯೋಜನೆಯವರು ತಪಾಸಣೆ ಸೇರಿಸಿ ತಿದ್ದಿ ತಂದರು. ಪ್ರಬಂಧ ಪ್ರಕಟವಾದಾಗಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ.

2025ರ ಜುಲೈ 1ಕ್ಕೆ ಯುಎಸ್‌ಎಐಡಿಯ ವಿದೇಶಿ ನೆರವಿನ ಕೆಲಸ ನಿಂತು, ಉಳಿದಿದ್ದು ವಿದೇಶಾಂಗ ಇಲಾಖೆಗೆ ಹೋಯಿತು. ತುಂಬಾ ನೋವಾಯಿತು. ಈಗ ಅರ್ಜಿ ಹಾಕುವವರು ಈ ವರ್ಷ ಯಾವ ಕಚೇರಿಗಳು ಫೆಲೋಗಳನ್ನು ತೆಗೆದುಕೊಳ್ಳುತ್ತಿವೆ ಅಂತ ಮೊದಲು ನೋಡಿ. ಅಲ್ಲಿ ಕೆಲಸ ಮಾಡಿ ಬಂದ ಒಬ್ಬರನ್ನಾದರೂ ಹುಡುಕಿ ಮಾತಾಡಿ.