ಲಾಕ್‌ಡೌನ್ ಕಂಡ ಕಣ್ಣಲ್ಲಿ ಹಳೆಯ ಚಿತ್ರ ನೋಡುವುದು ಹೇಗೆ?

ಕಿಟಕಿ ಪಕ್ಕ ಒಬ್ಬಳೇ ಕೂತ ಹೆಂಗಸಿನ ಚಿತ್ರ ಸಿಕ್ಕರೆ ಸಾಕು, ‘ಕೊರೊನಾದಲ್ಲಿ ನಾವು ಹೀಗೇ ಇದ್ವಿ’ ಅಂತ ಬರೆದು ವಾಟ್ಸಾಪಿಗೆ ಹಾಕಿಬಿಡುತ್ತೇವೆ. ನಾನೂ ಹಾಕಿದ್ದೇನೆ. ನೋಡುವ ಮೊದಲೇ ಚೀಟಿ ಅಂಟಿಸುವ ಕೆಲಸ ಇದು. ಒಮ್ಮೆ ಹೀಗೆ ಮಾಡಿ ನೋಡಿ, ಅರ್ಧ ಗಂಟೆ ಸಾಕು.

ಮೊದಲು, ಒಂದೇ ಚಿತ್ರ ಆರಿಸಿ. ನಾನು ಹೇಳುವುದು ನಾರ್ವೆಯ ಎಡ್ವರ್ಡ್ ಮುಂಕ್ 1919ರಲ್ಲಿ ಬರೆದ, ಸ್ಪ್ಯಾನಿಷ್ ಫ್ಲೂ (1918ರಲ್ಲಿ ಜಗತ್ತಿಗೆಲ್ಲ ಹಬ್ಬಿದ ಜ್ವರ) ಕಾಲದ ತನ್ನದೇ ಭಾವಚಿತ್ರ. ಅದು ಓಸ್ಲೋದ ನ್ಯಾಷನಲ್ ಮ್ಯೂಸಿಯಂನಲ್ಲಿದೆ, ಅವರ ಜಾಲತಾಣದಲ್ಲೇ ದೊಡ್ಡದು ಮಾಡಿಕೊಂಡು ನೋಡಿ. ಅಗ್ಗದ ಪೋಸ್ಟರ್ ಖಂಡಿತ ಬೇಡ. ನಾನು ತರಿಸಿದ್ದರಲ್ಲಿ ಮುಖದ ಹಳದಿ ಗುಲಾಬಿಯಾಗಿ, ಕಾಯಿಲೆ ಮನುಷ್ಯ ಈಗಷ್ಟೇ ಎಣ್ಣೆಸ್ನಾನ ಮುಗಿಸಿ ಬಂದ ಹಾಗಿದ್ದ!

ಎರಡನೆಯದು, ಕಂಡದ್ದನ್ನಷ್ಟೇ ಬರೆದುಕೊಳ್ಳಿ. ಬೆತ್ತದ ಕುರ್ಚಿ, ನಿಲುವಂಗಿ, ತೊಡೆ ಮೇಲೆ ಹೊದಿಕೆ, ಹಿಂದೆ ಕೆದರಿದ ಹಾಸಿಗೆ, ತೆರೆದ ಬಾಯಿ. ‘ಒಂಟಿತನ’, ‘ಸಾವು’ ಅಂತೆಲ್ಲ ಈಗಲೇ ಬರೆಯಬೇಡಿ.

ಜನ ಎಡವುವುದು ಮೂರನೆಯದರಲ್ಲಿ. ನಿಮ್ಮ ನೆನಪು ತನ್ನಿ ಅಂದರೆ ಎಲ್ಲರೂ ‘ತುಂಬ ಭಯ ಆಗಿತ್ತು’ ಅಂತಾರೆ. ಅದರಿಂದ ಚಿತ್ರದಲ್ಲಿ ಏನೂ ಹೊಸದು ಕಾಣುವುದಿಲ್ಲ. ವಸ್ತು ನೆನಪಿಸಿಕೊಳ್ಳಿ, ಮೈ ನೆನಪಿಸಿಕೊಳ್ಳಿ. ನನ್ನದು 2021ರ ಮೇ ತಿಂಗಳು. ಬಾಗಿಲಾಚೆ ಒಂದು ಸ್ಟೂಲ್, ಅದರ ಮೇಲೆ ಗಂಜಿ ಲೋಟ. ಹಾಸಿಗೆಯಿಂದ ಕುರ್ಚಿಗೆ ನಾಲ್ಕೇ ಹೆಜ್ಜೆ, ಕೂತ ಮೇಲೆ ಐದು ನಿಮಿಷ ಏದುಸಿರು. ಇದನ್ನಿಟ್ಟುಕೊಂಡು ಮತ್ತೆ ನೋಡಿದಾಗಲೇ ಮುಂಕ್‌ನ ಕುರ್ಚಿಗೂ ಹಾಸಿಗೆಗೂ ನಡುವಿನ ಜಾಗ ನನಗೆ ಕಂಡದ್ದು. ಅಷ್ಟು ದಿನ ಆ ಬಾಯಿ ಕಿರುಚುತ್ತಿದೆ ಅಂದುಕೊಂಡಿದ್ದೆ, ಆತನ ಇನ್ನೊಂದು ಪ್ರಸಿದ್ಧ ಚಿತ್ರ, ಬಾಯಿ ತೆರೆದು ನಿಂತವನ ‘ದಿ ಸ್ಕ್ರೀಮ್’ (ಕಿರುಚು), ತಲೆಯಲ್ಲಿತ್ತಲ್ವಾ. ಸುಮ್ನೆ ಉಸಿರಿಗಾಗಿ ತೆರೆದಿರಲೂಬಹುದು.

ಇಲ್ಲಿಗೇ ನಿಲ್ಲಿಸಬೇಡಿ, ನಿಮ್ಮ ನೆನಪಿಗೆ ಹೊಂದದ್ದನ್ನೂ ಹುಡುಕಿ. ಆ ಎರಡು ವಾರ ನಾನು ವಿಡಿಯೊ ಕಾಲ್‌ನಲ್ಲಿ ಕ್ಯಾಮೆರಾ ಆಫ್ ಮಾಡಿಯೇ ಮಾತಾಡಿದ್ದೆ. ಈತ ಮುಖವನ್ನು ನಮ್ಮತ್ತಲೇ ತಿರುಗಿಸಿದ್ದಾನೆ, ಅದೂ ಒಂದೂವರೆ ಮೀಟರ್ ಎತ್ತರದ ಕ್ಯಾನ್ವಾಸಿನಲ್ಲಿ. ಅಷ್ಟು ದೊಡ್ಡದನ್ನು ಬರೆಯಲು ತೋಳಲ್ಲಿ ಬಲ ಬೇಕು. ಹಾಗಾದರೆ ಕುರ್ಚಿಯಲ್ಲಿ ಕೂತವನ ನಿತ್ರಾಣವನ್ನು ಎಷ್ಟು ನಂಬಬೇಕು?

ನಾಲ್ಕನೆಯದು, ತಾರೀಕು ನೋಡಿ. ವಿಯೆನ್ನಾದ ಚಿತ್ರಕಾರ ಎಗೊನ್ ಶೀಲೆಯ ‘ಕುಟುಂಬ’ ಚಿತ್ರದಲ್ಲಿ ಗಂಡಸು, ಹೆಂಗಸು, ಮಗು ಇದ್ದಾರೆ. ಆತನ ಹೆಂಡತಿ ಎಡಿತ್ ಆರು ತಿಂಗಳ ಬಸುರಿಯಾಗಿದ್ದಾಗ, 1918ರ ಅಕ್ಟೋಬರ್ 28ರಂದು ಫ್ಲೂನಿಂದ ತೀರಿಕೊಂಡಳು. ಮೂರು ದಿನಕ್ಕೆ ಆತನೂ ಹೋದ, ಇನ್ನೂ 28 ವಯಸ್ಸು. ಫ್ಲೂ ಬಂದ ಮೇಲೆ ಹುಟ್ಟದ ಮಗುವನ್ನು ಬರೆದ ಅಂತ ನಾನು ಎಷ್ಟೋ ಜನರಿಗೆ ಹೇಳಿ ಗಂಟಲು ಕಟ್ಟಿಸಿದ್ದೇನೆ. ಆದರೆ ಅದೇ ಚಿತ್ರ ಆ ವರ್ಷದ ಮಾರ್ಚ್‌ನಲ್ಲೇ, ವಿಯೆನ್ನಾಕ್ಕೆ ಫ್ಲೂ ಬರುವ ಮೊದಲೇ, ಸಿಸೆಶನ್ ಎಂಬ ಅಲ್ಲಿನ ಕಲಾವಿದರ ಸಂಘದ ಪ್ರದರ್ಶನದಲ್ಲಿತ್ತು. ಆಗ ಅದರ ಹೆಸರು ‘ಕುಕ್ಕರಗಾಲಲ್ಲಿ ಕೂತ ಜೋಡಿ’. ಹೆಂಗಸು ಎಡಿತ್ ಅಲ್ಲ. ಮಗು ಆಮೇಲೆ ಸೇರಿದ್ದು. ಹೀಗಾಗಿ ಈಗ ಆ ಮಗುವನ್ನು ಮಾತ್ರ ಜಾಸ್ತಿ ಹೊತ್ತು ನೋಡುತ್ತೇನೆ.

ಆ್ಯಪ್‌ಗೆ ಫೋಟೊ ಕೊಟ್ಟು ಅರ್ಥ ಕೇಳುವ ಅಡ್ಡದಾರಿಯೂ ಇದೆ. ನಾನು ಕೇಳಿದಾಗ ‘ಮನುಷ್ಯನ ಏಕಾಂತ’ ಅಂತ ಮೂರು ಸಾಲು ಕೊಟ್ಟಿತು. ಹಾಸಿಗೆಯ ಸುದ್ದಿಯೇ ಇಲ್ಲ.

ಕೊನೆಗೆ, ಮನೆಯಲ್ಲಿ ಇನ್ನೊಬ್ಬರಿಗೂ ತೋರಿಸಿ, ಏನೂ ವಿವರಿಸದೆ. ಅಮ್ಮ ಕನ್ನಡಕ ಹಾಕಿಕೊಂಡು ಮುಂಕ್‌ನನ್ನು ಸ್ವಲ್ಪ ಹೊತ್ತು ನೋಡಿದರು. ಸ್ಟೂಲ್ ಮೇಲೆ ಗಂಜಿ ಇಡುತ್ತಿದ್ದವರು ಅವರೇ. ಆಮೇಲೆ ಕೇಳಿದರು, “ಆ ಹಾಸಿಗೆ ಯಾರು ಸರಿ ಮಾಡ್ತಾರಂತೆ?”